ಬಯಲಿಗೆ ತೋರಿಸದ ಮೀಟರು

"ಅಜ್ಜಾರೇ, ಈಗ ಎಷ್ಟು ಹುಡುಕಿದರೂ ನನ್ನೊಳಗೆ ಒಂದು ತಪ್ಪೂ ಕಾಣುತ್ತಿಲ್ಲ. ಸಿಟ್ಟಿಲ್ಲ, ಹೊಟ್ಟೆಕಿಚ್ಚಿಲ್ಲ. ಮುಟ್ಟಬೇಕಾದ ಜಾಗ ಮುಟ್ಟಿದೆನೇ?"

ಕೇಳಿದವನು ಪಂಪಣ್ಣ. ಮಠ ಬಿಟ್ಟು, ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡು ಒಬ್ಬನೇ ಇದ್ದ ಶಿಷ್ಯ. ಅಜ್ಜಾರೆಂದರೆ ಆ ಮಠದ ಗುರುಗಳು. ಅವರು ಅವನ ಮುಖವನ್ನು ಒಮ್ಮೆ ನೋಡಿ, "ಭಲೆ! ಹಾಗಾದರೆ ನಾನೇ ನಿನಗೆ ಅಡ್ಡಬೀಳಬೇಕು. ಅದಕ್ಕೂ ಮೊದಲು ಒಂದು ಕತೆ ಕೇಳು" ಎಂದು ಶುರುಮಾಡಿದರು.

ಒಬ್ಬ ಅಣಬೆ ಬೆಳೆಯುವವನಿದ್ದ. ಅಣಬೆಯೂ ನಮ್ಮ ಹಾಗೆಯೇ ಉಸಿರಾಡುತ್ತದಪ್ಪ. ಬಿಟ್ಟ ಉಸಿರು ಕೋಣೆಯಲ್ಲೇ ನಿಂತರೆ ಅದರ ಕಾಲು ಉದ್ದವಾಗುತ್ತದೆ, ಕೊಡೆ ಅರಳುವುದಿಲ್ಲ. ಅದಕ್ಕೇ ಅವನು ಒಂದು ಮೀಟರು ತಂದು ಗೋಡೆಗೆ ತೂಗುಹಾಕಿದ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅದು ಹಗಲಿರುಳು ಅಳೆಯುತ್ತಿತ್ತು. ಅಳೆದದ್ದನ್ನು ತನ್ನೊಳಗೇ ಗೆರೆ ಎಳೆದು ಗುರುತಿಟ್ಟುಕೊಳ್ಳುತ್ತಿತ್ತು. ಹೆಚ್ಚಾದರೆ ಕೂಗುತ್ತಿತ್ತು. ಮಾರಿದವನು ಒಂದು ಮಾತು ಹೇಳಿದ್ದ: "ವಾರಕ್ಕೊಮ್ಮೆ ಇದನ್ನ ಬಯಲಿಗೆ ತೋರಿಸ್ರಿ. ಆ ವಾರದಾಗ ತಾ ಕಂಡ ಗಾಳಿಯೊಳಗ ಯಾವುದು ಚಲೋದೋ ಅದನ್ನ ಬಯಲಿನ ಗಾಳಿ ಅಂತ ತಿಳದು, ಇದು ತನ್ನ ಲೆಕ್ಕ ಸರಿ ಮಾಡ್ಕೊಂತೈತಿ."

ಅವನ ಹೆಂಡತಿ ತೀರಿಕೊಂಡಳು. ಸಮಾಧಾನ ಹೇಳಲು ಬಂದವರ ಮಾತು ಅವನಿಗೆ ಬೇಡವಾಯಿತು. ಬಾಗಿಲು ಹಾಕಿಕೊಂಡ. ಅಣಬೆಯ ಕೋಣೆಯಲ್ಲೇ ಚಾಪೆ ಹಾಸಿ ಮಲಗತೊಡಗಿದ. ಮೀಟರು ಮೊದಮೊದಲು ಬಾಯಿ ಬಡಿದುಕೊಂಡಿತು. ಇವನು ಏಳಲಿಲ್ಲ. ಬರಬರುತ್ತಾ ಅದರ ಕೂಗು ತಾನಾಗಿಯೇ ನಿಂತಿತು. ಪಾಪ, ಅದೇನು ಮಾಡೀತು? ಬಯಲನ್ನೇ ಕಾಣದ ಯಂತ್ರ ಕೋಣೆಯ ಕೆಟ್ಟ ಗಾಳಿಯನ್ನೇ ಬಯಲಿನದೆಂದು ತಿಳಿಯಿತು. ಗಾಳಿ ಶುದ್ಧವಾಯಿತೆಂದು ಇವನು ತಿಳಿದ. ಅಣಬೆಗಳು ಕಾಲು ಚಾಚುತ್ತಲೇ ಹೋದವು; ಬೀಜ ಸರಿಯಿಲ್ಲವೆಂದು ಬೈದ. ತಲೆ ನೋಯುತ್ತಿತ್ತು, ವಯಸ್ಸಾಯಿತು ಎಂದುಕೊಂಡ.

ಆ ಬಾಗಿಲು ಬಡಿಯುವವಳು ಒಬ್ಬಳೇ ಉಳಿದಿದ್ದಳು, ಅವನ ಅಕ್ಕ. ಸಂತೆಗೆ ಬಂದಾಗಲೆಲ್ಲ ಅವನಿಗೆ ರೊಟ್ಟಿ ಕಟ್ಟಿಕೊಂಡು ಬರುವಳು. ಒಂದು ಸಲ ಒಳಗೆ ಕಾಲಿಟ್ಟವಳೇ ಮೂಗಿಗೆ ಸೆರಗು ಹಿಡಿದಳು.

"ಅಯ್ಯ ನನ್ನ ತಮ್ಮಾ, ಇದರಾಗ ಹೆಂಗ ಕುಂತೀಯೋ? ನಿನ್ನ ಮಾರಿ ನೋಡ್ಕೊಂಡೀಯೇನು? ಹೆಣದಂಗ ಬೆಳ್ಳಗಾಗೈತಿ. ಬಾಗಲಾ ತಗಿ, ನನ್ನ ಕೂಡ ನಡಿ."

ಅವನು ಮೀಟರು ತಂದು ಅವಳ ಮುಖಕ್ಕೆ ಹಿಡಿದ. "ಇಲ್ನೋಡು. ಬಯಲಾಗ ಎಷ್ಟೈತೋ ಇಲ್ಲೂ ಅಷ್ಟ ಐತಿ. ತಿಂಗಳಿಂದ ಗೆರಿ ಒಂಚೂರೂ ಏರಿಲ್ಲ. ನಿನಗ ತಿಳಿಯೂದಿಲ್ಲ, ಸುಮ್ಮನಿರು."

ಅಕ್ಕ ರೊಟ್ಟಿ ಇಟ್ಟು ಹೋದಳು. ಆಮೇಲೆ ಎಷ್ಟು ಸಂತೆಗಳಾದರೂ ಬರಲಿಲ್ಲ.

ಅವಳು ಬರದಿದ್ದಾಗ ಗೊತ್ತಾಯಿತು ನೋಡು, ತಾನು ಅವಳ ದಾರಿ ಕಾಯುತ್ತಿದ್ದೆನೆಂದು. ಹೆಂಡತಿ ಹೋದಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ ಅವನಿಗೆ. ಒಂದು ಸಂತೆಯ ದಿನ ತಡೆಯಲಾರದೆ, ಕೈಯಲ್ಲಿದ್ದ ಮೀಟರನ್ನೂ ಇಡದೆ ದಾರಿಗೆ ಬಂದು ನಿಂತ. ಅಕ್ಕ ಕಾಣಲಿಲ್ಲ. ಕೈಯಲ್ಲಿದ್ದ ಮೀಟರಿನ ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ ಬಂತು. ಬಯಲಿನ ಗಾಳಿಯಲ್ಲೂ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಇದ್ದೇ ಇರುತ್ತದೆ; ಸೊನ್ನೆ ತೋರಿಸುವ ಗಾಳಿ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಎಂಥ ಗಾಳಿಯನ್ನು ಬಯಲಿನದೆಂದು ನಂಬಿ ಕೂತಿದ್ದೆ ಎಂದು ಅವನಿಗೆ ಆಗ ಅರ್ಥವಾಯಿತು.

ಮೀಟರನ್ನು ಅಲ್ಲೇ ಒಂದು ಕಲ್ಲಿನ ಮೇಲಿಟ್ಟು, ಲೆಕ್ಕ ಸರಿಮಾಡುವ ಗುಂಡಿ ಒತ್ತಿದ. ತನ್ನ ಉಸಿರು ತಾಗದಂತೆ ದೂರ ಸರಿದು ನಿಂತ. ಅದರ ಲೆಕ್ಕ ಸರಿಯಾಯಿತು. ಒಳಗೆ ತಂದದ್ದೇ ತಡ, ಕಿರುಚಿಕೊಂಡಿತು. ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು, ಮರುದಿನವೇ ಅಕ್ಕನ ಮನೆಗೆ ಹೋದ.

ಅಕ್ಕ ಕಾಲಿಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಅವಳು ಬೈಯಲಿ ಎಂದು ಕಾದ. ಬೈಯಲಿಲ್ಲ. ಕಡೆಗೆ ಅವನೇ ಕೇಳಿದ: "ಯಕ್ಕಾ, ಹೆಂಗ ಕಾಣಾಕತ್ತೀನಿ ನಾ?"

ಮುಖ ಇನ್ನೂ ಬಿಳಿಚಿಕೊಂಡೇ ಇತ್ತು. ಅದು ಅವನಿಗೂ ಗೊತ್ತಿತ್ತು. ಅವಳು ತಲೆಯೆತ್ತದೆ, "ಚಲೋ ಅದೀಯಪ್ಪಾ" ಎಂದಳು.

ಕೈಗೆತ್ತಿಕೊಂಡಿದ್ದ ತುತ್ತನ್ನು ಅವನು ಮತ್ತೆ ತಟ್ಟೆಗೇ ಹಾಕಿದ.

ಅಜ್ಜಾರು ಅಲ್ಲಿಗೆ ಕತೆ ನಿಲ್ಲಿಸಿದರು.

"ಆಮೇಲೆ?" ಎಂದ ಪಂಪಣ್ಣ.

"ಆಮೇಲಿನದು ಇರಲಿ. ಪಂಪಣ್ಣ, ನಿನಗೆ ಯಾರಾದರೂ ಬೈದು ಎಷ್ಟು ದಿನವಾಯಿತು?"