ನಾಲ್ಕನೆಯ ಕಿಟಕಿ

ಬ್ರಿಟಿಷ್ ರಾಣಿಯ ಕಾಲದಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕೋರ್ಟು. ನಡುವೆ ಗಡಿಯಾರದ ಗೋಪುರ, ಅದರ ಬಲಕ್ಕೆ ನಾಲ್ಕು ಕಮಾನಿನ ಕಿಟಕಿ, ಎಡಕ್ಕೆ ನಾಲ್ಕು. ಅಂಗಳದ ಮರದ ನೆರಳಲ್ಲಿ ಮಠದ ಹಿರಿಯ ಸ್ವಾಮಿಗಳೂ ಅವರ ಶಿಷ್ಯ ಗುರುಮಲ್ಲನೂ ಕೂತಿದ್ದರು.

ಮಠದ ಬೆಳ್ಳಿ ದೀಪ ಕಳುವಾಗಿತ್ತು. ಹೂ ತರುವ ಪುಟ್ಟಮಾದನೇ ಕದ್ದನೆಂದು ಪೊಲೀಸರು ಹಿಡಿದಿದ್ದರು. ಕಂಡವನು ಗುರುಮಲ್ಲ ಒಬ್ಬನೇ. ಅವನು ಸಾಕ್ಷಿ ಹೇಳಿದರೆ ಪುಟ್ಟಮಾದನಿಗೆ ಜೈಲು, ಇಲ್ಲದಿದ್ದರೆ ಮನೆ.

ಈ ಗುರುಮಲ್ಲ ಹುಟ್ಟಾ ಅನುಮಾನದ ಪ್ರಾಣಿ. ಹಾಲು ಕೊಟ್ಟರೆ ನೀರೆಷ್ಟು ಎಂದು ಕೇಳುವವನು. ಕೋರ್ಟಿನ ಕಟ್ಟಡವನ್ನೂ ಬಿಡಲಿಲ್ಲ. ಒಳಗೆಲ್ಲ ಒಂದು ಸುತ್ತು ಹಾಕಿ ಬಂದು ಗುರುಗಳ ಬಳಿ ಪಿಸುಗುಟ್ಟಿದ.

"ಬುದ್ಧಿ, ಇಲ್ಲೇನೋ ಮೋಸ ಅದೆ."

"ಏನಪ್ಪಾ?"

"ಎಡಗಡೆ ಹೊರಗಿಂದ ನೋಡಿದ್ರೆ ನಾಲ್ಕು ಕಿಟಕಿ. ಒಳಗೆ ಹೋಗಿ ಎಣಿಸಿದ್ರೆ ಮೂರೇ. ಒಂದು ಕೋಣೆ ಮುಚ್ಚಿಟ್ಟವ್ರೆ. ಯಾರಿಗೂ ತೋರಿಸಬಾರದ ಕಾಗದ ಪತ್ರ ಎಲ್ಲಾ ಅಲ್ಲೇ ಇರೋದು."

"ಪತ್ರ ನೋಡಿದೆಯಾ?"

"ಕಿಟಕಿ ಬಾಗಿಲು ಭದ್ರವಾಗಿ ಮುಚ್ಚವ್ರೆ, ಬುದ್ಧಿ. ಏನೂ ಇಲ್ಲದಿದ್ರೆ ಮುಚ್ಚೋದ್ಯಾಕೆ?"

ಗುರುಗಳು ಎದ್ದು ಗೋಪುರದ ಮಗ್ಗುಲಿನ ಆ ನಾಲ್ಕನೆಯ ಕಿಟಕಿಯ ಮುಂದೆ ನಿಂತರು.

"ತೆಗೆ."

ಗುರುಮಲ್ಲ ಸುತ್ತಮುತ್ತ ನೋಡಿ, ಮರದ ಬಾಗಿಲನ್ನು ಎರಡು ಸಲ ಜಗ್ಗಿದ. ಬಣ್ಣಕ್ಕೆ ಅಂಟಿಕೊಂಡಿದ್ದ ಬಾಗಿಲು ಕಿರುಗುಟ್ಟಿ ಬಿಟ್ಟುಕೊಂಡಿತು. ಹಿಂದೆ ಬರೀ ಇಟ್ಟಿಗೆ ಗೋಡೆ. ಒಂದು ಹಲ್ಲಿ ಸರಿದು ಹೋಯಿತು.

"ಇದು ಕಿಟಕಿಯೇ ಅಲ್ವಲ್ಲ, ಬುದ್ಧಿ."

"ಹಿಂದುಗಡೆ ಗೋಪುರದ ಮೆಟ್ಟಿಲು. ಇಲ್ಲಿ ಕಿಟಕಿ ಇಡೋ ಹಾಗಿರಲಿಲ್ಲ. ಬಲಕ್ಕೆ ನಾಲ್ಕಿದ್ದು ಎಡಕ್ಕೆ ಮೂರಿದ್ರೆ ನೋಡೋರ ಕಣ್ಣಿಗೆ ಕೊರತೆ. ಆ ಕೊರತೆಯನ್ನ ಮೇಸ್ತ್ರಿ ತುಂಬಿಸಿದ."

"ಖದೀಮ ಮೇಸ್ತ್ರಿ," ಎಂದು ಗುರುಮಲ್ಲ ನಕ್ಕ.

ಗುರುಗಳು ನಗಲಿಲ್ಲ. "ಪುಟ್ಟಮಾದನ ಮುಖ ನೋಡಿದೆಯಾ?"

"ಬೆನ್ನು ನೋಡಿದೆ, ಬುದ್ಧಿ. ಬೆಳಗಿನ ಜಾವ ಹಿಂಬಾಗಿಲಲ್ಲಿ ಹೋಗ್ತಿದ್ದ. ಹಸಿರು ಟವಲು ಅವನದೇ. ಕಂಕುಳಲ್ಲಿ ಏನೋ ಇತ್ತು. ಆಮೇಲೆ ಕೇಳಿದ್ರೆ ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ."

"ಏನೋ ಇತ್ತು?"

ಪೊಲೀಸರಿಗೂ ವಕೀಲರಿಗೂ ಗುರುಮಲ್ಲ ಹೇಳಿದ್ದು 'ದೀಪ ಇತ್ತು' ಎಂದು. ಹೇಳಿ ಹೇಳಿ ಅದರ ಬತ್ತಿಯೂ ಕಣ್ಣಿಗೆ ಕಟ್ಟಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಚೆ ಜಗಲಿಯ ಮೇಲೆ, ಇಬ್ಬರು ಪೇದೆಗಳ ನಡುವೆ ಪುಟ್ಟಮಾದ ಕುಕ್ಕುರುಗಾಲಲ್ಲಿ ಕೂತಿದ್ದ. ಹೆಗಲ ಮೇಲೆ ಅದೇ ಹಸಿರು ಟವಲು. ಮರದ ಕೆಳಗೆ ಕಾದು ಕೂತಿದ್ದವರಲ್ಲಿ ಇನ್ನೂ ಮೂವರ ಹೆಗಲ ಮೇಲೆ ಅಂಥದೇ ಟವಲು ಇದ್ದದ್ದನ್ನು ಗುರುಮಲ್ಲ ಈಗ ನೋಡಿದ.

ಬಾಗಿಲಲ್ಲಿ ಜವಾನ ರಾಗ ಎಳೆದು ಮೂರು ಸಲ ಕೂಗಿದ. "ಗುರುಮಲ್ಲಾ... ಗುರುಮಲ್ಲಾ... ಗುರುಮಲ್ಲಾ..."

ಗುರುಮಲ್ಲ ಗುರುಗಳ ಕಡೆ ತಿರುಗಿದ.

"ಒಳಗೆ ಹೋಗಿ ಏನು ಹೇಳಲಿ, ಬುದ್ಧಿ?"

ಗುರುಗಳು ಕಿಟಕಿಯ ಬಾಗಿಲನ್ನು ಮೊದಲಿದ್ದ ಹಾಗೇ ಮುಚ್ಚಿದರು.

"ಒಳಗೆ ಎಣಿಸಿದಾಗ ಎಷ್ಟು ಸಿಕ್ಕಿತೋ, ಅಷ್ಟೇ ಹೇಳು."