ಆಮೆಗೆ ದೀಪ ಹಿಡಿದ ಜುಂಜ

ಶಿರಾ ಕಡೆ ಒಂದು ಹಳ್ಳಿ. ಅಲ್ಲೊಬ್ಬಳು ಕ್ಯಾತಮ್ಮ, ಅವಳಿಗೊಬ್ಬ ಮಗ ಜುಂಜ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳಿಗೆ ತಲೆನೋವು.

ಒಂದು ಸಂಜೆ ಯಾರಿಗೂ ಬಾಗಿಲು ತೆಗೆಯಬೇಡ ಅಂತ ಹೇಳಿ ಅವಳು ಹೊಲಕ್ಕೆ ಹೋದಳು. ಆಗ ಜುಂಜನ ಅಕ್ಕ, ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬಂದಳು. ಜುಂಜ ಬಾಗಿಲು ತೆಗೆಯಲಿಲ್ಲ. ಪಾಪ, ಅವಳು ಕತ್ತಲಲ್ಲಿ ಜಗಲಿ ಮೇಲೆ ಕೂತು ಅತ್ತಳು.

"ಬಸುರಿ ಬಂದ್ರೆ ದೀಪ ಹಿಡ್ಕೊಂಡು ಎದುರು ಹೋಗಿ ಕರೀಬೇಕು ಕಣೋ ಪೆದ್ದ," ಅಂತ ಬೈದಳು ಹೊಲದಿಂದ ಬಂದ ತಾಯಿ.

"ಹೂಂ ಕಣವ್ವ, ಹಂಗೇ ಮಾಡ್ತೀನಿ," ಅಂದ ಜುಂಜ.

ಕಡಲಾಚೆ ಸಿಂಹಳ ದೇಶದಲ್ಲಿ, ಮೊಟ್ಟೆಯಿಡಲು ಬರುವ ಕಡಲಾಮೆಗಳನ್ನು ಕಾಯೋಕೆ ಜನ ಬೇಕಂತೆ, ಸಂಬಳವಿಲ್ಲ, ಊಟ ಉಂಟಂತೆ ಅಂತ ಸುದ್ದಿ ಬಂತು. ಇಲ್ಲಿ ಯಾರಿಗೂ ಆಗದವನು ಅಲ್ಲಿ ಆಮೆಗಾದರೂ ಆಗಲಿ ಅಂತ ಕ್ಯಾತಮ್ಮ ಕಣ್ಣೊರೆಸಿಕೊಂಡು ಕಳಿಸಿದಳು.

ಅಲ್ಲಿ ಕಾವಲಿನ ಯಜಮಾನಿ ನಮ್ಮ ಅಂಕೋಲೆಯವಳೇ, ತುಳಸಕ್ಕ. ಕತ್ತಲಾಯಿತು. ಕಡಲು ನಿದ್ದೆಯಲ್ಲಿ ಉಸಿರಾಡುವ ಹಾಗೆ ಏರಿ ಇಳಿಯುತ್ತಿತ್ತು. ಮರಳಿನ ಮೇಲೆ ಒಂದು ಆಮೆ ಮೆಲ್ಲಗೆ, ಮೆಲ್ಲಗೆ ಬಂತು. ಬಸುರಿ ಬಂದಳು ಅಂತ ಜುಂಜ ಟಾರ್ಚು ಹಿಡಿದು ಎದುರು ಹೋಗಿ, ಬಾಕ್ಕ ಬಾ ಅಂತ ಕರೆದ. ಆಮೆ ಬೆದರಿ, ಮೊಟ್ಟೆಯಿಡದೆ ಕಡಲಿಗೆ ಮರಳಿತು.

ತುಳಸಕ್ಕ ಬೈದಳು. ಬೆಳಕಿಗೆ ಆಮೆ ಹೆದರುತ್ತದೆ, ದಡದಲ್ಲಿ ಏನೇ ಉರಿಯುತ್ತಿದ್ದರೂ ಆರಿಸು ಅಂದಳು. ಹೂಂ ಕಣಕ್ಕ, ಹಂಗೇ ಮಾಡ್ತೀನಿ ಅಂದ ಜುಂಜ.

ಮರುದಿನ ಸಂಜೆ ದಡದಲ್ಲಿ ಅಡುಗೆ ಒಲೆ ಉರಿಯುತ್ತಿತ್ತು. ಜುಂಜ ಒಂದು ಕೊಡ ನೀರು ಸುರಿದ. ಎಲ್ಲರಿಗೂ ಅರೆಬೆಂದ ಅನ್ನ. ಆದರೆ ಅವತ್ತೇ ಆ ಆಮೆ ಮತ್ತೆ ಬಂತು. ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೋಯಿತು. ನಮ್ಮಕ್ಕನ ಮಕ್ಕಳು ಅಂತ ಜುಂಜ ಆ ಗುಂಡಿಯ ಪಕ್ಕದಲ್ಲೇ ಹಾಸಿಗೆ ಹಾಸಿದ.

ಹಸಿದ ತುಳಸಕ್ಕ ಬಿಡುತ್ತಾಳೆಯೇ? "ಒಲೆ ಆರ್ಸ್ತಾರೇನೋ ಮಾರಾಯಾ? ಮರಿಗಳು ಹೊರಗೆ ಬಂದಾಗ, ಕಡಲು ಬಿಟ್ಟು ಯಾವ ಬೆಳಕಿನ ಕಡೆ ಓಡ್ತಾವೋ ಅದನ್ನ ಮಾತ್ರ ಆರ್ಸು. ಇನ್ನೊಂದ್ಸಲ ತಪ್ಪಿದ್ರೆ ಊರಿಗೆ ಹೊರಡು."

"ಹೂಂ ಕಣಕ್ಕ, ಹಂಗೇ ಮಾಡ್ತೀನಿ."

ಎಷ್ಟೋ ದಿನ ಕಳೆದ ಮೇಲೆ ಒಂದು ಸಂಜೆ ಮರಳು ಮಿಸುಕಿತು. ಬೊಗಸೆಗಟ್ಟಲೆ ಮರಿಗಳು ಹೊರಬಂದವು. ಬಂದವೇ ಕಡಲಿಗೆ ಬೆನ್ನು ಮಾಡಿ ತೆಂಗಿನ ತೋಪಿನ ಕಡೆ ಹೊರಟವು. ಅಲ್ಲಿ ನಾಯಿಗಳು ಕಾಯುತ್ತಿದ್ದವು. ತೋಪಿನ ಮೇಲೆ ಹುಣ್ಣಿಮೆಯ ಚಂದ್ರ ಎದ್ದಿದ್ದ.

ಜುಂಜ ಕೊಡ ತುಂಬಿ, ಸೊಂಟಕ್ಕೆ ಕಟ್ಟಿ, ಮರ ಹತ್ತಿದ. ತುದಿಯಲ್ಲಿ ನಿಂತು ಚಂದ್ರನ ಮೇಲೆ ನೀರು ಎರಚಿದ. ನೀರು ಕೆಳಗಿದ್ದ ತುಳಸಕ್ಕನ ತಲೆ ಮೇಲೆ ಬಿತ್ತು. ಅದೇ ಹೊತ್ತಿಗೆ ಒಂದು ದಪ್ಪ ಮೋಡ ತೇಲಿ ಬಂದು ಚಂದ್ರನನ್ನು ಮುಚ್ಚಿತು. ಮರಿಗಳು ನಿಂತವು. ನೊರೆ ಮಿನುಗುವ ಕಡೆಗೆ ತಿರುಗಿದವು. ಒಂದರ ಹಿಂದೆ ಒಂದು ಕಡಲು ಸೇರಿದವು.

ತುಳಸಕ್ಕ ಒದ್ದೆ ಸೆರಗು ಹಿಂಡುತ್ತಾ, ಮಕ್ಕಳೆಲ್ಲ ಮನೆ ಸೇರಿದವು, ಇಳಿದು ಬಾ ಅಂದಳು.

ಜುಂಜ ಇಳಿಯಲಿಲ್ಲ. ಮೇಲೆ ಕೂತು ಅಳುತ್ತಿದ್ದ.

"ನಮ್ಮವ್ವ ಈ ಬೆಳಕಲ್ಲೇ ಹೊಲದಿಂದ ಮನೆಗೆ ಬರೋದು ಕಣಕ್ಕ. ಈಗ ಅವಳಿಗೆ ದಾರಿ ಹೆಂಗೆ ಕಾಣ್ತದೆ? ಒಂದು ಬೆಂಕಿಪೊಟ್ಟಣ ಎಸಿಯಕ್ಕ, ಮತ್ತೆ ಹಚ್ಚಿಟ್ಟು ಬರ್ತೀನಿ."