ಕಾಡವರೆಯ ಹಿಡಿತ

"ಬಿಡು ನನ್ನನ್ನು!" ಎಂದು ಕಡಲ ದಂಡೆಯ ಮರಳು ದಿನವೂ ಕಾಡವರೆ ಬಳ್ಳಿಯ ಮೇಲೆ ರೇಗುತ್ತಿತ್ತು. "ಗಾಳಿ ಊರೂರು ಸುತ್ತುತ್ತದೆ. ನಾನು ಮಾತ್ರ ನಿನ್ನ ಬೇರಿಗೆ ಸಿಕ್ಕಿಕೊಂಡು ಬಿದ್ದಿರಬೇಕೆ?"

"ನಾನು ಬಿಟ್ಟರೆ ನಿನ್ನನ್ನು ಒಯ್ಯುವುದು ಗಾಳಿಯಲ್ಲ, ಅಲೆ," ಎಂದಿತು ಬಳ್ಳಿ.

ಮರಳಿಗೆ ತಾಳ್ಮೆ ಎಲ್ಲಿ? ಅತ್ತ ಹೋಗುತ್ತಿದ್ದ ಆಡನ್ನು ಕರೆದು, "ಈ ನೇರಳೆ ಹೂವಿನ ಬಳ್ಳಿ ಬಲು ರುಚಿ," ಎಂದಿತು. ಆಡು ಬಳ್ಳಿಯನ್ನು ಬುಡಸಮೇತ ಕಿತ್ತು ತಿಂದು, ಗಟ್ಟಿ ಬೀಜಗಳನ್ನಷ್ಟೇ ಉಗುಳಿತು.

ಮಳೆಗಾಲದ ಮೊದಲ ದೊಡ್ಡ ಅಲೆ ಎಲ್ಲವನ್ನೂ ಎಳೆದೊಯ್ದಿತು. ಮರಳು ಕಡಲ ತಳ ಸೇರಿತು. ಆಡು ಉಗುಳಿದ ಬೀಜವೊಂದು ಮೇಲೆ ತೇಲುತ್ತಾ ಸಾಗಿತ್ತು.

"ಇಲ್ಲೇ ಬೇರು ಬಿಡು, ನನ್ನನ್ನು ಹಿಡಿದುಕೋ!" ಎಂದು ಮರಳು ಕೂಗಿತು.

"ನನಗಾಗಿ ಇನ್ನೊಂದು ದಂಡೆ ಕಾಯುತ್ತಿದೆ," ಎಂದಿತು ಬೀಜ.